ಪ್ರಾಗ್‌ಗೆ ನವೆಂಬರ್‌ನಲ್ಲಿ ಹೋಗು ಅಂದೆ

ಕಳೆದ ವಾರ ನಮ್ಮ ಕಾಲೇಜಿನ ಜೂನಿಯರ್ ಒಬ್ಬ ಫೋನ್ ಮಾಡಿದ್ದ. ಅವನಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಬ್ಯಾಂಕ್ ಸಾಲ, ಬಾಡಿಗೆ ಕೋಣೆ, ಕುಕ್ಕರ್ ಒಯ್ಯಬೇಕೇ ಬೇಡವೇ ಎಂಬ ಮಾತುಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದ: ‘ಅಕ್ಕಾ, ಪ್ರಾಗ್‌ಗೆ ಯಾವಾಗ ಹೋದ್ರೆ ಚೆನ್ನಾಗಿರುತ್ತೆ?’

‘ನವೆಂಬರ್ 17ಕ್ಕೆ’ ಅಂದೆ. ಅವನು ನಕ್ಕ. ತಿಂಗಳು ಕೇಳಿದರೆ ಮುಹೂರ್ತ ಹೇಳುತ್ತಾಳಲ್ಲ ಅನಿಸಿರಬೇಕು.

ಈ ಪ್ರಶ್ನೆಗೆ ಎಲ್ಲರ ಬಳಿಯೂ ಇರುವ ಉತ್ತರ ಒಂದೇ: ಮೇ ಇಲ್ಲವೇ ಸೆಪ್ಟೆಂಬರ್. ಬಿಸಿಲು ಹಿತವಾಗಿರುತ್ತದೆ, ಮರಗಳು ಹಸಿರಾಗಿರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಡಿಸೆಂಬರ್ ಆದರೆ ಕ್ರಿಸ್‌ಮಸ್ ಸಂತೆ. ಇದೆಲ್ಲ ಸುಳ್ಳಲ್ಲ. ಆದರೆ ಈ ಉತ್ತರ ಯಾರಿಗಾಗಿ ಹೇಳಿದ್ದು? ಕೈಯಲ್ಲಿ ಸಂಬಳವಿದ್ದು, ರಜೆಯನ್ನು ತನಗೆ ಬೇಕಾದಾಗ ಹಾಕಬಲ್ಲವರಿಗಾಗಿ. ಸಾಲದ ಕಂತನ್ನು ನೆನೆಸಿಕೊಂಡು ಟೊಮೆಟೊ ಕೊಳ್ಳುವ ವಿದ್ಯಾರ್ಥಿಗೆ ಅದು ‘ನೀನು ಆಮೇಲೆ ಬಾ’ ಎಂದಂತೆ ಕೇಳಿಸುತ್ತದೆ.

ನಾನೂ ಆಮೇಲೆ ಎಂದವಳೇ. 2023ರಲ್ಲಿ ಅರಸೀಕೆರೆಯಿಂದ ಡ್ರೆಸ್ಡೆನ್‌ಗೆ ಓದಲು ಹೋದೆ. ಅಲ್ಲಿಂದ ಪ್ರಾಗ್‌ಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ನಮ್ಮೂರಿನಿಂದ ಬೆಂಗಳೂರಿಗಿಂತಲೂ ಹತ್ತಿರ! ಜರ್ಮನಿಯ ವಾಸದ ಪರವಾನಗಿ ಇದ್ದರೆ ಚೆಕ್ ದೇಶಕ್ಕೆ ಬೇರೆ ವೀಸಾ ಬೇಡ. ಆದರೂ ಮೊದಲ ವರ್ಷ ಹೋಗಲಿಲ್ಲ. ಮೇ ತಿಂಗಳಿಗೆಂದು ಮೂವರು ಗೆಳತಿಯರು ಸೇರಿ ಯೋಜನೆ ಹಾಕಿದೆವು. ಒಬ್ಬಳಿಗೆ ಇಂಟರ್ನ್‌ಶಿಪ್ ಬಂತು, ಇನ್ನೊಬ್ಬಳಿಗೆ ಪರೀಕ್ಷೆ, ನನಗೆ ಹಾಸ್ಟೆಲ್ ದರ ನೋಡಿ ಮನಸ್ಸು ಹಿಂಜರಿಯಿತು. ಫೋನಿನಲ್ಲಿ ಅಪ್ಪ ಹೇಳಿದ ಮಾತೂ ಇತ್ತು: ‘ಸಾಲದ ದುಡ್ಡಲ್ಲಿ ಊರು ಸುತ್ತೋದು ಬೇಡಮ್ಮ. ಕೆಲಸ ಸಿಗಲಿ, ಆಮೇಲೆ ಸುತ್ತುವಿಯಂತೆ.’ ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ನವೆಂಬರ್ 17ರ ವಿಷಯ ತಿಳಿದದ್ದು ಆಕಸ್ಮಿಕವಾಗಿ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ಚೆಕ್ ಹುಡುಗಿ ‘ಆ ದಿನ ನಾನು ಊರಲ್ಲಿರಲೇಬೇಕು’ ಅಂದಳು. ಹಬ್ಬವೇ ಎಂದು ಕೇಳಿದೆ. ‘ವಿದ್ಯಾರ್ಥಿಗಳ ದಿನ’ ಅಂದಳು. ನಮ್ಮಲ್ಲಿ ಇಂಥ ದಿನಗಳೆಂದರೆ ವೇದಿಕೆ, ಹಾರ, ಭಾಷಣ. ಅವಳು ಹೇಳಿದ ಕಥೆ ಬೇರೆಯೇ.

1939ರ ಅಕ್ಟೋಬರ್ 28. ಪ್ರಾಗ್ ಆಗ ನಾಜಿಗಳ ವಶದಲ್ಲಿತ್ತು. ಚೆಕೊಸ್ಲೊವಾಕಿಯಾ ಸ್ವತಂತ್ರವಾದ ದಿನದ ನೆನಪಿಗೆ ಜನ ಬೀದಿಗಿಳಿದಾಗ ಯಾನ್ ಒಪ್ಲೆತಾಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡು ತಗುಲಿತು. ಎರಡು ವಾರದ ನಂತರ ಆತ ತೀರಿಕೊಂಡ. ನವೆಂಬರ್ 15ರ ಶವಯಾತ್ರೆ ಪ್ರತಿಭಟನೆಯಾಯಿತು. 17ರ ಬೆಳಗಿನ ಜಾವ ನಾಜಿ ಪಡೆಗಳು ವಿದ್ಯಾರ್ಥಿ ನಿಲಯಗಳಿಗೆ ನುಗ್ಗಿದವು. ವಿದ್ಯಾರ್ಥಿ ಸಂಘಟನೆಗಳ ಒಂಬತ್ತು ಮುಂದಾಳುಗಳನ್ನು ವಿಚಾರಣೆಯಿಲ್ಲದೆ ಕೊಂದರು. 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸಾಕ್ಸೆನ್‌ಹೌಸೆನ್ ಸೆರೆಶಿಬಿರಕ್ಕೆ ಸಾಗಿಸಿದರು. ಚೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಬಿತ್ತು. ಜಗತ್ತಿನ ಹಲವೆಡೆ ನವೆಂಬರ್ 17 ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನ ಆಗಿರುವುದು ಇದರಿಂದಲೇ.

ಸರಿಯಾಗಿ 50 ವರ್ಷದ ನಂತರ, 1989ರ ಅದೇ ದಿನ, ಒಪ್ಲೆತಾಲ್‌ನ ನೆನಪಿಗೆಂದು ಹೊರಟ ವಿದ್ಯಾರ್ಥಿಗಳ ಮೆರವಣಿಗೆಯನ್ನು ನಾರೊದ್ನಿ ಬೀದಿಯಲ್ಲಿ ಪೊಲೀಸರು ತಡೆದು ಲಾಠಿ ಬೀಸಿದರು. ಈ ಬಾರಿ ಹೊಡೆದವರು ಕಮ್ಯುನಿಸ್ಟ್ ಸರ್ಕಾರದವರು. ಆರು ವಾರ ತುಂಬಿದಾಗ ಆ ಸರ್ಕಾರವೇ ಇರಲಿಲ್ಲ. ಹಲವು ಬಾರಿ ಜೈಲು ಕಂಡಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ಡಿಸೆಂಬರ್ 29ರಂದು ಅಧ್ಯಕ್ಷರಾದರು.

ಕಥೆ ಕೇಳಿದ ರಾತ್ರಿಯೇ ಲೆಕ್ಕ ಹಾಕಿದೆ. 2024ರ ನವೆಂಬರ್ 17 ಭಾನುವಾರ. ತರಗತಿ ತಪ್ಪುವುದಿಲ್ಲ. ಹೋಗಿ ಬರುವ ಬಸ್ಸಿಗೆ 22 ಯೂರೊ, ಎಂಟು ಜನರ ಡಾರ್ಮಿಟರಿಯಲ್ಲಿ ಒಂದು ರಾತ್ರಿಗೆ 16. ಮೇ ತಿಂಗಳಲ್ಲಿ ಅದೇ ಹಾಸಿಗೆಗೆ ಹೆಚ್ಚುಕಡಿಮೆ ಎರಡರಷ್ಟು ತೋರಿಸಿತ್ತು. ಊಟ, ಟ್ರಾಮು ಸೇರಿ ಒಟ್ಟು 58 ಯೂರೊ, ಅಂದರೆ ಐದು ಸಾವಿರದ ಚಿಲ್ಲರೆ ರೂಪಾಯಿ. ಶನಿವಾರಗಳಂದು ಬೇಕರಿಯಲ್ಲಿ ನಿಂತು ದುಡಿದ ಹಣ ಅಷ್ಟಿತ್ತು. ಅಪ್ಪನಿಗೆ ಹೇಳಲಿಲ್ಲ.

ಚಳಿಯ ಬಗ್ಗೆ ಸುಳ್ಳು ಹೇಳಲಾರೆ. ಹಾಸನದಲ್ಲಿ ಕೊಂಡ ಸ್ವೆಟರ್ ಅಲ್ಲಿ ಬರೀ ಅಲಂಕಾರ. ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಕೋಟೆಯ ಕೆಲವು ಉದ್ಯಾನಗಳು ಚಳಿಗಾಲಕ್ಕೆ ಬಾಗಿಲು ಹಾಕಿರುತ್ತವೆ. ಕ್ರಿಸ್‌ಮಸ್ ಸಂತೆ ಇನ್ನೂ ಶುರುವಾಗಿರುವುದಿಲ್ಲ. ಇನ್‌ಸ್ಟಾಗ್ರಾಂಗೆಂದೇ ಹೋಗುವವರು ದಯವಿಟ್ಟು ಮೇ ತಿಂಗಳಲ್ಲೇ ಹೋಗಲಿ.

ಆದರೆ ತಡವಾಗಿ ಹುಟ್ಟುವ ಸೂರ್ಯನಿಂದ ಲಾಭವೂ ಇದೆ. ಚಾರ್ಲ್ಸ್ ಸೇತುವೆಯ ಮೇಲೆ ಸೂರ್ಯೋದಯ ನೋಡಬೇಕೆಂದರೆ ಜೂನ್‌ನಲ್ಲಿ ಐದು ಗಂಟೆಗೂ ಮೊದಲೇ ಅಲ್ಲಿ ನಿಂತಿರಬೇಕು. ನವೆಂಬರ್ ಮಧ್ಯದಲ್ಲಿ ಏಳೂಕಾಲಿಗೆ ಹೋದರೂ ನಡೆಯುತ್ತದೆ. 1357ರಲ್ಲಿ ಕಟ್ಟಲು ಆರಂಭಿಸಿದ ಆ ಸೇತುವೆಯ ಮೇಲೆ 30 ಪ್ರತಿಮೆಗಳು, ಕೆಳಗೆ ವ್ಲ್ತಾವಾ ನದಿಯ ಮಂಜು, ನಡುವೆ ನಾಯಿ ಹಿಡಿದು ಹೊರಟ ಒಬ್ಬ ಅಜ್ಜ ಮತ್ತು ಚಟ್ನಿಪುಡಿ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದ ನಾನು. ಹಳೆ ಪಟ್ಟಣದ ಚೌಕದಲ್ಲಿ 1410ರ ಖಗೋಳ ಗಡಿಯಾರದ ಕೆಳಗೂ ಕತ್ತು ಉದ್ದ ಮಾಡದೆ ನಿಲ್ಲಲು ಜಾಗ ಸಿಕ್ಕಿತು. ನಮ್ಮ ಮೈಸೂರನ್ನು ದಸರೆಯ ದಿನ ಮಾತ್ರ ನೋಡಿದವರು ಊರನ್ನು ನೋಡಿರುವುದಿಲ್ಲ, ಜನರ ಬೆನ್ನು ನೋಡಿರುತ್ತಾರೆ.

ಮಧ್ಯಾಹ್ನ ನಾರೊದ್ನಿ ಬೀದಿಗೆ ಹೋದೆ. ಅಲ್ಲಿಯಂತೂ ಜನವೋ ಜನ. ಆದರೆ ಯಾರೂ ಪ್ರವಾಸಿಗರಂತೆ ಕಾಣಲಿಲ್ಲ. 1989ರ ನೆನಪಿಗೆ ಮೇಲೆತ್ತಿದ ಕೈಗಳ ಪುಟ್ಟ ಕಂಚಿನ ಫಲಕವೊಂದಿದೆ. ಅದರ ಮುಂದೆ ಮೇಣದಬತ್ತಿ ಹಚ್ಚಲು ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ಕೋಲೂರಿದವರು ಎಲ್ಲ ಸಾಲಾಗಿ ನಿಂತಿದ್ದರು. ನಾನೂ ನಿಂತೆ. ಒಮ್ಮೆಲೇ ಎಲ್ಲೋ ಗಲಗಲ ಸದ್ದು. ಜನ ಬೀಗದ ಕೈಗೊಂಚಲು ತೆಗೆದು ಅಲ್ಲಾಡಿಸತೊಡಗಿದರು. 1989ರಲ್ಲಿ ಲಕ್ಷಾಂತರ ಜನ ಹೀಗೆ ಕೀ ಕುಣಿಸಿ ಆಳುವವರಿಗೆ ‘ಇನ್ನು ಹೊರಡಿ’ ಎಂದಿದ್ದರಂತೆ.

ಪಕ್ಕದಲ್ಲಿದ್ದ, ನಮ್ಮ ಅಮ್ಮನ ವಯಸ್ಸಿನ ಹೆಂಗಸು ನನ್ನತ್ತ ತಿರುಗಿ ನೀನೂ ಅಲ್ಲಾಡಿಸು ಎಂಬಂತೆ ಸನ್ನೆ ಮಾಡಿದರು. ಜೇಬಿನಲ್ಲಿ ನನ್ನ ಹಾಸ್ಟೆಲ್ ಕೋಣೆಯ ಒಂದೇ ಒಂದು ಕೀ ಇತ್ತು. ಒಂದು ಕೀ ಎಷ್ಟು ಅಲ್ಲಾಡಿಸಿದರೂ ಸದ್ದಾಗುವುದಿಲ್ಲ. ಅವರು ನಕ್ಕು ತಮ್ಮ ಗೊಂಚಲನ್ನೇ ನನ್ನ ಕೈಗಿಟ್ಟರು. ಎಷ್ಟು ಓದುತ್ತಿದ್ದೀಯ ಎಂದು ಹರಕು ಇಂಗ್ಲಿಷ್‌ನಲ್ಲಿ ಕೇಳಿದರು. ತಾನು ಆ ದಿನ ಎರಡನೇ ವರ್ಷದ ವಿದ್ಯಾರ್ಥಿನಿ ಎಂದರು. ಏಟು ಬಿದ್ದಿತ್ತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಎಡ ಮೊಣಕೈ ಮುಟ್ಟಿ ತೋರಿಸಿದರು.

ಮೇ ತಿಂಗಳಲ್ಲಿ ಹೋಗಿದ್ದರೆ ಆ ಬೀದಿಯಲ್ಲಿ ಟ್ರಾಮು ಹಿಡಿದು ಮುಂದೆ ಹೋಗಿರುತ್ತಿದ್ದೆ. ಊರೊಂದಕ್ಕೆ ಯಾವಾಗ ಹೋಗಬೇಕೆಂದು ಹವಾಮಾನವನ್ನಷ್ಟೇ ಕೇಳಿದರೆ ಉತ್ತರ ಅರ್ಧ ಮಾತ್ರ ಸಿಗುತ್ತದೆ ಎಂದು ನಾನು ವಾದಿಸುವುದು ಇದಕ್ಕೇ. ಆ ಊರಿನವರು ಯಾವ ದಿನ ತಮಗಾಗಿ ಬೀದಿಗೆ ಬರುತ್ತಾರೆ ಎಂದೂ ಕೇಳಬೇಕು. ಅದು ಎಷ್ಟೋ ಬಾರಿ ಅಗ್ಗದ ದಿನವೂ ಆಗಿರುತ್ತದೆ. ಭಾರತದಿಂದಲೇ ಹೊರಡುವವರಿಗೆ ಇದು ಇಷ್ಟು ಸುಲಭವಲ್ಲ, ಗೊತ್ತು. ಷೆಂಗೆನ್ ವೀಸಾ ಶುಲ್ಕವೇ 90 ಯೂರೊ. ವಿಮೆ, ವಿಮಾನ ಎಲ್ಲ ಬೇರೆ. ಅವರು ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಹಾಗಾಗಿ ತಾರೀಖು ಮೊದಲೇ ಗೊತ್ತಿದ್ದಷ್ಟೂ ಒಳ್ಳೆಯದು.

ಓದು ಮುಗಿಸಿ ಬಂದು ನಾನೀಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದೇನೆ. ಅಪ್ಪ ಹೇಳಿದ ‘ಆಮೇಲೆ’ ಇನ್ನೂ ಬಂದಿಲ್ಲ. ಆ 58 ಯೂರೊ ಉಳಿಸಿದ್ದರೆ ಸಾಲದ ಒಂದು ಕಂತಿನ ಕಾಲುಭಾಗವೂ ತೀರುತ್ತಿರಲಿಲ್ಲ ಎಂದು ನನ್ನನ್ನೇ ನಾನು ಸಮಾಧಾನ ಮಾಡಿಕೊಂಡದ್ದೂ ಉಂಟು. ಹೋದ ತಿಂಗಳು ಅಪ್ಪನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಯಮ್ಮನ ಕೈ ನೆಟ್ಟಗಾಯ್ತಾ?’ ಎಂದು ಕೇಳಿದರು.

ಜೂನಿಯರ್‌ಗೆ ಕುಕ್ಕರ್ ಜೊತೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟುಕೊಳ್ಳಲು ಹೇಳಿದ್ದೇನೆ. ಕೀಗಳು ಒಂದಕ್ಕಿಂತ ಹೆಚ್ಚಿರಲಿ ಎಂದೂ.