ಹೋಮೋಸಿಸ್ಟೀನ್ ಇಳಿದರೆ ಹೃದಯ ಉಳಿಯಿತೆ?

ಕಲಬುರಗಿ, ಬೀದರ್, ರಾಯಚೂರಿನ ಅನೇಕರಿಗೆ ದೊಡ್ಡ ಆಸ್ಪತ್ರೆ ಎಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದ್. ಅಲ್ಲಿಂದ ತರುವ ‘ಹಾರ್ಟ್ ಪ್ಯಾಕೇಜ್’ ಫೈಲಿನಲ್ಲಿ ಕೊಲೆಸ್ಟರಾಲ್ ಕೆಳಗೆ ಕೆಲವೊಮ್ಮೆ ಇನ್ನೊಂದು ಸಾಲು ಇರುತ್ತದೆ: ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲ. ಲೀಟರಿಗೆ 15 ಮೈಕ್ರೋಮೋಲ್ ದಾಟಿತೆಂದರೆ ದಪ್ಪಕ್ಷರ, ಪಕ್ಕದಲ್ಲಿ ‘ಹೈ’. ಮನೆಮಂದಿಯ ಎದೆ ಧಸಕ್ಕೆನ್ನಲು ಅಷ್ಟು ಸಾಕು.

ಈ ಭಯ ಹುಟ್ಟಿದ್ದು 1969ರಲ್ಲಿ. ಹೋಮೋಸಿಸ್ಟೀನ್ ವಿಪರೀತ ಏರುವ ಅಪರೂಪದ ಹುಟ್ಟುಕಾಯಿಲೆಯಿಂದ ಸತ್ತ ಮಕ್ಕಳ ರಕ್ತನಾಳಗಳು ಮುದುಕರವುಗಳಂತೆ ಗಡುಸಾಗಿದ್ದುದನ್ನು ಅಮೆರಿಕದ ಕಿಲ್ಮರ್ ಮೆಕ್ಕಲಿ ಗುರುತಿಸಿದರು. ಹೋಮೋಸಿಸ್ಟೀನ್ ಹೆಚ್ಚಿರುವ ಸಾಮಾನ್ಯ ಜನರಲ್ಲೂ ಹೃದ್ರೋಗ, ಪಾರ್ಶ್ವವಾಯು ಹೆಚ್ಚು ಎಂಬುದು ಆಮೇಲೆ ಕಂಡುಬಂತು. ಹಾಗಾದರೆ ಇಳಿಸಿದರೆ ಹೃದಯ ಉಳಿಯಬೇಕಲ್ಲ? 2006ರಲ್ಲಿ ಬಂದ ‘ಹೋಪ್-2’ (5,522 ಮಂದಿ) ಮತ್ತು ನಾರ್ವೆಯ ‘ನಾರ್ವಿಟ್’ ಪ್ರಯೋಗಗಳಲ್ಲಿ ಬಿ-ವಿಟಮಿನ್‌ಗಳಿಂದ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಪಾರ್ಶ್ವವಾಯುವಿನ ಮಟ್ಟಿಗೆ ಒಂದಿಷ್ಟು ಆಸೆ ಉಳಿದಿದೆ. ಚೀನಾದಲ್ಲಿ 20,702 ರಕ್ತದೊತ್ತಡದ ರೋಗಿಗಳಲ್ಲಿ ಬಿಪಿ ಮಾತ್ರೆಯ ಜೊತೆ ಫೋಲಿಕ್ ಆಮ್ಲ ಪಡೆದವರಲ್ಲಿ ಮೊದಲ ಪಾರ್ಶ್ವವಾಯು ಶೇ 2.7, ಬರೀ ಬಿಪಿ ಮಾತ್ರೆ ನುಂಗಿದವರಲ್ಲಿ ಶೇ 3.4 ಎಂದು 2015ರ ವರದಿ ಹೇಳಿತು.

ಹೃದಯದ ಹೆಸರಲ್ಲಿ ಈ ಪರೀಕ್ಷೆ ಮಾರುವುದಕ್ಕೆ ನನ್ನ ತಕರಾರಿರುವುದು, ಅದನ್ನು ಇಳಿಸಿದರೂ ಹೃದಯಾಘಾತ ಇಳಿಯದ ಕಾರಣಕ್ಕೇ. ಅಂಕಿಯೇನೂ ಸುಳ್ಳಲ್ಲ, ಅದು ಬೊಟ್ಟು ಮಾಡುವುದು ಬೇರೆ ಕಡೆಗೆ. ಹೋಮೋಸಿಸ್ಟೀನನ್ನು ಮತ್ತೆ ಮೆಥಿಯೊನಿನ್ ಎಂಬ ಅಮೈನೊ ಆಮ್ಲವಾಗಿಸಲು ದೇಹಕ್ಕೆ ಫೋಲೇಟ್ (ಮಾತ್ರೆಯಲ್ಲಾದರೆ ಫೋಲಿಕ್ ಆಮ್ಲ), ಬಿ12 ಎರಡೂ ಬೇಕು; ಅವು ಕಡಿಮೆಯಾದರೆ ಹೋಮೋಸಿಸ್ಟೀನ್ ಏರುತ್ತದೆ. ಹೈದರಾಬಾದಿನದೇ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) ನಗರದ ಆರೋಗ್ಯವಂತರೆನಿಸಿದ ವಯಸ್ಕರನ್ನೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 35 ಮಂದಿಗೆ ಬಿ12 ಕೊರತೆಯಿತ್ತು, ಫೋಲೇಟ್ ಕೊರತೆ ಶೇ 12. ಬಿ12 ಸಿಗುವ ಮಾಂಸಕ್ಕೆ ಬರವಿಲ್ಲದ ಬಿರಿಯಾನಿಯ ಊರಿನಲ್ಲಿ ಈ ಸ್ಥಿತಿ! ತೆಳ್ಳನೆ ಮಜ್ಜಿಗೆಯನ್ನೇ ನೆಚ್ಚಿದ ನಮ್ಮ ಸಸ್ಯಾಹಾರಿ ಮನೆಗಳ ಪಾಡನ್ನು ಬೇರೆ ಹೇಳಬೇಕಿಲ್ಲ.

ಇಷ್ಟಕ್ಕೂ ವರದಿಯ ಹೋಮೋಸಿಸ್ಟೀನ್ ಅಂಕಿಯನ್ನು ಹಾಗೇ ನಂಬುವಂತಿಲ್ಲ. ರಕ್ತ ತೆಗೆದ ಮೇಲೂ ಟ್ಯೂಬಿನಲ್ಲಿ ಕೆಂಪುಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಹೊರಗೆ ಇಟ್ಟರೆ ಗಂಟೆಗೆ ಸುಮಾರು ಶೇ 10ರಷ್ಟು ಏರುತ್ತದೆ. ಮನೆಗೇ ಬಂದು ರಕ್ತ ತೆಗೆದುಕೊಂಡ ಹುಡುಗ ಐಸ್ ಇಲ್ಲದ ಚೀಲ ನೇತುಹಾಕಿಕೊಂಡು ಮೇ ತಿಂಗಳ ಬಿಸಿಲಿನಲ್ಲಿ ಇನ್ನೂ ನಾಲ್ಕು ಮನೆ ಸುತ್ತಿದರೆ, 12 ಇದ್ದದ್ದು ಲ್ಯಾಬ್ ತಲುಪುವಾಗ 15 ದಾಟಿರಬಹುದು. ಕಿಡ್ನಿ ದುರ್ಬಲವಾದರೂ, ಥೈರಾಯ್ಡ್ ಕುಗ್ಗಿದರೂ ಏರುತ್ತದೆ.

ಹೆಚ್ಚು ಯೋಚಿಸಬೇಕಾದವರು ಸಕ್ಕರೆ ಕಾಯಿಲೆಯವರು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೆ ಬಿ12 ಕುಸಿಯುತ್ತದೆ. ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆಯೂ ಇದ್ದರೆ ಇನ್ನಷ್ಟು. ಈ ಕೊರತೆಯಿಂದ ಅಂಗಾಲು ಜೋಮು ಹಿಡಿದಾಗಲೂ ‘ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುವವರೇ ಹೆಚ್ಚು. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರ ಕೆಡುವುದು ಮುಂದುವರಿಯುತ್ತದೆ. ಗರ್ಭಿಣಿಯರಲ್ಲಿ ಈ ಏರುಪೇರಿನ ಪರಿಣಾಮ ಮುಂದಿನ ಪೀಳಿಗೆಗೂ ದಾಟುವ ಸೂಚನೆಯಿದೆ: ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ ಹೆಚ್ಚಿದ್ದುದನ್ನು ಪುಣೆಯ ಡಾ. ಯಾಜ್ಞಿಕ್ ತಂಡ 2008ರಲ್ಲಿ ತೋರಿಸಿತ್ತು.

ಮೆಟ್‌ಫಾರ್ಮಿನ್ ಚೀಟಿ ಬರೆಯುವ ಕೈಯೇ ಆಗಾಗ ಬಿ12 ಪರೀಕ್ಷೆಯನ್ನೂ ಬರೆಯಲಿ. ಆ ವರದಿ ಕೊರತೆ ಇದೆ, ಇಲ್ಲ ಎಂಬೆರಡರ ನಡುವೆ ತೂಗಿದಾಗ ಹೋಮೋಸಿಸ್ಟೀನ್ ನೋಡಿದರಾಯಿತು, ಅದೂ ಟ್ಯೂಬನ್ನು ಐಸಿನಲ್ಲಿಟ್ಟು ಸಾಗಿಸುವ ಲ್ಯಾಬಿನಲ್ಲಿ.