ತುಂಡಾದ ಶಾಫ್ಟಿನ ಸಾಕ್ಷಿ

ಪುಣೆಯ ಕಾರ್ಖಾನೆಯೊಂದರಲ್ಲಿ ನಾವು ಕೆಲಸಕ್ಕಿದ್ದಾಗ ನಡೆದ ಸಂಗತಿ. ಒಂದು ರಾತ್ರಿ ಪಾಳಿಯಲ್ಲಿ ಯಂತ್ರದ ಶಾಫ್ಟು ಎರಡು ತುಂಡಾಯಿತು. ಬೆಳಗಾಗುವುದರೊಳಗೆ ಅಪರಾಧಿಯೂ ಸಿದ್ಧನಾಗಿದ್ದ. ಧಾರವಾಡದ ಕಡೆಯ ಹುಡುಗ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಯಂತ್ರಕ್ಕೆ ಮಿತಿಮೀರಿ ಹೊರೆ ಹಾಕಿದನೆಂಬುದು ಆರೋಪ.

"ಸಾಹೇಬ್ರ, ದಿನಾ ಎಷ್ಟು ಹಚ್ಚತಿದ್ನೋ ಅಷ್ಟ ಹಚ್ಚೇನ್ರಿ" ಎಂದು ಅವನು ಕಣ್ಣಲ್ಲಿ ನೀರು ತಂದನು.

"ತಡಿಯಪಾ, ಮೊದಲ ತುಂಡನ್ನ ಕೇಳೂಣು" ಎಂದೆವು.

ಉಕ್ಕು ಮಾತನಾಡುವುದೇ ಎಂದು ಓದುಗರು ನಗಬಾರದು. ಮೇಸ್ತ್ರಿ ಎರಡು ತುಂಡುಗಳನ್ನೂ ಜೋಡಿಸಿ ನೋಡಲು ಹೊರಟಿದ್ದ. ಮೊದಲು ಅದನ್ನು ತಡೆದೆವು. ಹಾಗೆ ಉಜ್ಜಿದರೆ ಮುರಿದ ಮುಖದ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಸೀಮೆಎಣ್ಣೆಯಲ್ಲಿ ಮೆಲ್ಲಗೆ ತೊಳೆದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದೆವು. ಅಲೆ ಹಿಂದೆ ಸರಿದ ಮೇಲೆ ಮರಳಿನಲ್ಲಿ ಉಳಿಯುವಂಥ ಕಮಾನುಗೆರೆಗಳು ಮುಖದ ಮುಕ್ಕಾಲು ಭಾಗ ಹರಡಿದ್ದವು. ಉಳಿದ ಕಾಲು ಭಾಗ ಮಾತ್ರ ಒರಟಾಗಿ ಹೊಸದಾಗಿ ಹೊಳೆಯುತ್ತಿತ್ತು. ಒಂದೇ ಏಟಿಗೆ ಮುರಿದ ಉಕ್ಕಿನಲ್ಲಿ ಇಂಥ ಗೆರೆಗಳು ಇರುವುದಿಲ್ಲ. ಬಿರುಕು ಬಹುಕಾಲದಿಂದ, ಲಕ್ಷಾಂತರ ಸುತ್ತುಗಳಲ್ಲಿ, ಇಷ್ಟಿಷ್ಟೇ ಬೆಳೆದಿತ್ತು. ಕೊನೆಗೆ ಮುರಿದ ಭಾಗ ಚಿಕ್ಕದಾಗಿತ್ತೆಂದರೆ ಹೊರೆಯೂ ಹಗುರವಾಗಿತ್ತೆಂದೇ ಅರ್ಥ.

ಗೆರೆಗಳ ಮೂಲ ಹುಡುಕುತ್ತ ಹೋದರೆ ಕೀಲು ಕೂರಿಸುವ ಗಾಡಿಯ ಮೂಲೆ ಸಿಕ್ಕಿತು. ನಕ್ಷೆಯಲ್ಲಿ ದುಂಡಗಿರಬೇಕಾದ ಆ ಮೂಲೆ ಚಾಕುವಿನಂತೆ ಚೂಪಾಗಿತ್ತು. ಅಲ್ಲೊಂದು ಸಣ್ಣ ಕಪ್ಪು ಕಲೆ. ಹಳ್ಳಿಯ ಕಮ್ಮಾರ ಕುಡುಗೋಲನ್ನು ಕಾಯಿಸಿ ನೀರಿಗದ್ದಿ, ಬಿರುಸು ಇಳಿಯಲೆಂದು ಮತ್ತೆ ಬೆಚ್ಚಗೆ ಮಾಡುವುದನ್ನು ನೀವು ಕಂಡಿರಬಹುದು. ಶಾಫ್ಟಿಗೂ ಅದೇ ಸಂಸ್ಕಾರ. ಎಣ್ಣೆಗೆ ಅದ್ದಿದಾಗಲೇ ಆ ಮೂಲೆ ಸೀಳಿತ್ತು. ಮತ್ತೆ ಕಾಯಿಸಿದಾಗ ಗಾಳಿ ಹೊಕ್ಕು ಸೀಳು ಕಪ್ಪಾಗಿತ್ತು. ಹುಡುಗ ಯಂತ್ರ ಮುಟ್ಟುವ ಮೊದಲೇ ಅದರ ಹಣೆಬರಹ ಬರೆದಾಗಿತ್ತು.

ಇದು ಹೊಸ ಪಾಠವೇನೂ ಅಲ್ಲ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಯಿಂದ ಹೊರಟ ರೈಲಿನ ಇಂಜಿನ್ನಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ರ‍್ಯಾಂಕಿನ್ ಎಂಬ ತರುಣ ಇಂಜಿನಿಯರು, ಅಚ್ಚುಗಳಲ್ಲಿ ಬಿರುಕು ನಿಧಾನವಾಗಿ ಬೆಳೆಯುವುದೆಂದೂ ಮೂಲೆಗಳನ್ನು ದುಂಡಗಿಡಬೇಕೆಂದೂ ಬರೆದಿದ್ದ.

ಹುಡುಗನ ಕೆಲಸ ಉಳಿಯಿತು. ಅವನ ತಾಯಿ ಊರಿನಿಂದ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದಳು. ನಮಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಎರಡು ವರ್ಷದ ಹಿಂದೆ ಇಂಥದೇ ಶಾಫ್ಟು ಮುರಿದಾಗ ಇನ್ನೊಬ್ಬನ ಸಂಬಳ ಕಡಿದ ಕಾಗದಕ್ಕೆ ನಾವೂ ಸಹಿ ಹಾಕಿದ್ದೆವು. ಆ ತುಂಡನ್ನು ಯಾರೂ ನೋಡಿರಲಿಲ್ಲ. ಅದು ಗುಜರಿಗೆ ಹೋಗಿತ್ತು.