ಹಾಲಿನ ಫ್ಯಾಟಿಗೆ ಜಗಳ, ರಕ್ತದ ಕೊಬ್ಬಿಗೆ ಮೌನ

ಡೇರಿಯಲ್ಲಿ ಫ್ಯಾಟ್ 3.5 ಬರುವ ಕಡೆ 3.3 ಬಂದರೆ ನಾವು ಸುಮ್ಮನೆ ಮನೆಗೆ ಬರುವುದಿಲ್ಲ. "ಮಿಷನ್ ಸರಿ ಇದೆಯಾ? ಇನ್ನೊಂದು ಸಲ ಹಾಕಿ ನೋಡಿ" ಅನ್ನುತ್ತೇವೆ. ಅನ್ನಲೇಬೇಕು, ಅದು ನಮ್ಮ ದುಡ್ಡು. ಆದರೆ ನಮ್ಮದೇ ರಕ್ತದ ಕೊಬ್ಬಿನ ರಿಪೋರ್ಟ್ ಬಂದಾಗ ಯಾರೂ ಬಾಯಿ ತೆರೆಯುವುದಿಲ್ಲ.

ದೊಡ್ಡ ಡೇರಿಗಳ ಲ್ಯಾಬಿನಲ್ಲಿ ಇನ್‌ಫ್ರಾರೆಡ್ ಯಂತ್ರ ಇರುತ್ತದೆ. ಕಣ್ಣಿಗೆ ಕಾಣದ ಬೆಳಕನ್ನು ಹಾಲಿನ ತೆಳು ಪದರದ ಮೂಲಕ ಹಾಯಿಸಿದಾಗ ಕೊಬ್ಬು ತನ್ನ ಪಾಲಿನ ಬೆಳಕನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಎಂಬುದರಿಂದ ಫ್ಯಾಟ್ ಲೆಕ್ಕ ಸಿಗುತ್ತದೆ. ಹಾಲಿನ ಕೊಬ್ಬು, ನಮ್ಮ ರಕ್ತದ ಟ್ರೈಗ್ಲಿಸರೈಡ್ ಎರಡೂ ಒಂದೇ ಜಾತಿಯವು. ಹಾಗಾಗಿ ರಕ್ತವನ್ನೂ ಇದೇ ಬೆಳಕಿನಲ್ಲಿ ಅಳೆಯಬಹುದು.

ಇದರಿಂದ ಹಳ್ಳಿಗೆ ಏನು ಲಾಭ? ಈಗ ಲ್ಯಾಬುಗಳಲ್ಲಿ ಕೊಲೆಸ್ಟ್ರಾಲ್ ಪರೀಕ್ಷೆಗೆ ರೀಏಜೆಂಟ್ ಎಂಬ ದ್ರಾವಣ ಬೇಕು. ಅದನ್ನು ಫ್ರಿಜ್‌ನಲ್ಲಿ ಇಡಬೇಕು, ಅದಕ್ಕೆ ಎಕ್ಸ್‌ಪೈರಿ ಇದೆ. ಅದು ಮುಗಿದ ದಿನ ಪರೀಕ್ಷೆಯೂ ನಿಂತಿತು. ಆಗ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಂಡು ಪೇಟೆಗೆ ಹೋಗಬೇಕಾದವರು ನಾವೇ. ಇನ್‌ಫ್ರಾರೆಡ್ ವಿಧಾನಕ್ಕೆ ಆ ದ್ರಾವಣ ಬೇಡ. ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಬೇಕು ಎಂಬುದು ನನ್ನ ವಾದ.

ಆದರೆ ಕಣ್ಣು ಮುಚ್ಚಿ ನಂಬುವುದು ಬೇಡ. 100 ಗ್ರಾಂ ಹಾಲಿನಲ್ಲಿ ಸುಮಾರು 3.5 ಗ್ರಾಂ ಕೊಬ್ಬು ಇರುತ್ತದೆ. 100 ಮಿಲಿ ರಕ್ತದಲ್ಲಿ ಟ್ರೈಗ್ಲಿಸರೈಡ್ 150 ಮಿಲಿಗ್ರಾಂ ದಾಟಿದರೇ ಹೆಚ್ಚು ಅನ್ನುತ್ತಾರೆ. ಅಂದರೆ ಹಾಲಿಗಿಂತ ಇಪ್ಪತ್ತು ಪಟ್ಟಿಗೂ ಕಡಿಮೆ. ಇಷ್ಟು ಸಣ್ಣ ಅಳತೆಯಲ್ಲಿ ಚೂರು ತಪ್ಪಿದರೂ ಬೇಡದ ಮಾತ್ರೆ ಶುರುವಾಗಬಹುದು, ಬೇಕಾದ ಮಾತ್ರೆ ತಪ್ಪಿಹೋಗಬಹುದು. ಮೇಲಾಗಿ ಈ ಯಂತ್ರ ಕೊಬ್ಬನ್ನು ತೂಗುವುದಿಲ್ಲ. ಮೊದಲೇ ಲೆಕ್ಕ ಗೊತ್ತಿರುವ ಮಾದರಿಗಳ ಜೊತೆ ಹೋಲಿಸಿ ಅಂದಾಜು ಹೇಳುತ್ತದೆ. ಆ ಹೋಲಿಕೆ, ಅಂದರೆ ಕ್ಯಾಲಿಬ್ರೇಷನ್, ಕೆಟ್ಟರೆ ರಿಪೋರ್ಟೂ ಕೆಟ್ಟಂತೆ.

ಯಂತ್ರ ಯಾವುದೇ ಇರಲಿ, ಎರಡು ಪ್ರಶ್ನೆ ಕೇಳೋಣ. ಕ್ಯಾಲಿಬ್ರೇಷನ್ ಕೊನೆಗೆ ಆಗಿದ್ದು ಯಾವಾಗ? ಎಲ್‌ಡಿಎಲ್ ಅಳೆದದ್ದೋ, ಸೂತ್ರ ಹಾಕಿ ತೆಗೆದದ್ದೋ? ಟ್ರೈಗ್ಲಿಸರೈಡ್ 400 ದಾಟಿದರೆ ಬಳಕೆಯಲ್ಲಿರುವ ಹಳೆಯ ಸೂತ್ರದ ಲೆಕ್ಕ ನಂಬುವಂತಿಲ್ಲ. ಅನುಮಾನ ಬಂದರೆ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಹಸುವಿನ ಹಾಲಿಗೆ ಕೇಳುವ ಲೆಕ್ಕವನ್ನು ನಮ್ಮ ರಕ್ತಕ್ಕೂ ಕೇಳುವ ಹಕ್ಕು ನಮಗಿದೆ.